ಗಂಜಿಮರದ ವಂಶ

“ಗಂಡು ಸ್ವಲ್ಪ ಸಣ್ಣವನಾದ,” ಅಂದ ಕಿಟ್ಟು.

ಕಬ್ಬಿಣದ ಬೇಲಿಯೊಳಗಿನ ಅರಳಿ ಸಸಿ ಅವನ ಎದೆಯವರೆಗೂ ಬರುತ್ತಿರಲಿಲ್ಲ. ಯಾರೂ ನಗಲಿಲ್ಲ. ಅವನೇ ಒಂದಿಷ್ಟು ನಕ್ಕು, ಚೀಲವನ್ನು ಸಿಮೆಂಟಿನ ಬೆಂಚಿನ ಮೇಲಿಟ್ಟು, ಅರಿಸಿನ, ಕುಂಕುಮ, ಹೂವು, ಬಾಳೆಹಣ್ಣು ತೆಗೆದ. ಕೊನೆಗೆ ಕಾಯಿ ಒಡೆಯುವ ಮಚ್ಚು ಬಂತು. ವಿಜಯೀಂದ್ರ ಅದನ್ನು ನೋಡಿಯೂ ನೋಡದವನಂತೆ ಕಲ್ಲಿನ ಫಲಕ ಓದುತ್ತಾ ನಿಂತ.

ಓದುವಂಥದ್ದು ಹೆಚ್ಚಿರಲಿಲ್ಲ. ಹಿಂದೆ ಯಾವುದೋ ಬರದಲ್ಲಿ ಇಲ್ಲಿದ್ದ ದೊಡ್ಡ ಅರಳಿಮರದ ಕೆಳಗೆ ಒಲೆ ಹೂಡಿ ಸುತ್ತಲಿನ ಊರಿನವರಿಗೆಲ್ಲ ಗಂಜಿ ಹಾಕಿದ್ದರು. ಹಾಗಾಗಿ ಗಂಜಿಮರವೆಂದು ಹೆಸರು. ಅದರ ನೆನಪಿಗೆ ಈ ಉದ್ಯಾನ. ಮರ ಏನಾಯಿತು ಎಂಬುದನ್ನು ಬರೆದಿರಲಿಲ್ಲ. ಗುಬ್ಬಿಯಿಂದ ಹಾಗಲವಾಡಿ ಕಡೆಗೆ ಹೋಗುವ ರಸ್ತೆ ಅಗಲ ಮಾಡುವಾಗ ಅದನ್ನು ಕಡಿದಿದ್ದರು. ಕಡಿದ ಮೇಲೆ ಅದು ಐತಿಹಾಸಿಕವೆಂದು ಎಲ್ಲರಿಗೂ ಗೊತ್ತಾಯಿತು. ಎರಡು ಸೈಟಿನಷ್ಟು ಜಾಗಕ್ಕೆ ಕಾಂಪೌಂಡು ಹಾಕಿ, ನಾಲ್ಕಾರು ಬೆಂಚು, ನೀರು ಕಾಣದ ಒಂದು ಕಾರಂಜಿ, ಶೀಟಿನ ಚಪ್ಪರದ ಕೆಳಗೆ ವಾರ್ನಿಶ್ ಬಳಿದ ಕಾಂಡದ ತುಂಡು ಇಟ್ಟರು. ನಡುವೆ ಈ ಸಸಿ. ಬೇಲಿಗೆ ‘ಗಂಜಿಮರದ ಸಂತತಿ’ ಎಂದು ತಗಡಿನ ಬೋರ್ಡು.

ಸಂತತಿ ಎಂಬ ಆ ಒಂದು ಮಾತಿಗಾಗಿ ಅವರು ತುಮಕೂರಿನಿಂದ ಬಂದಿದ್ದರು.

“ಪುಟ್ಟಿ, ಮೊಬೈಲ್ ಒಳಗಿಡು. ಮದುವೆ ಹುಡುಗಿ ಹೀಗಾ ಕೂರೋದು?”

“ಪೇಶೆಂಟ್ ಮಾಮ. ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಂತಿಲ್ವಂತೆ,” ಅಂದಳು ಕೃತಿಕಾ.

“ಹತ್ತಿ ಕಚ್ಕೊಂಡ್ ಕೂರಕ್ಕೆ ಹೇಳು.”

“ಅದನ್ನೇ ಹೇಳ್ತಿದೀನಿ.”

ಕೃತಿಕಾ ವಿಜಯೀಂದ್ರನ ಒಬ್ಬಳೇ ಮಗಳು. ದಂತವೈದ್ಯೆ. ಮೂವತ್ತು ದಾಟಿದೆ. ಜಾತಕದಲ್ಲಿ ಕುಜದೋಷ, ಕಟ್ಟಿಕೊಂಡವನು ಉಳಿಯುವುದಿಲ್ಲ ಎಂದು ಅದರ ಅರ್ಥ. ಪರಿಹಾರವೂ ಉಂಟು. ಹುಡುಗಿಯನ್ನು ಮೊದಲು ಒಂದು ಗಿಡಕ್ಕೆ ಮದುವೆ ಮಾಡಿ, ಆ ಗಿಡವನ್ನು ಕಡಿದುಬಿಟ್ಟರೆ ಸಾವು ಗಿಡಕ್ಕೆ ಹೋಗುತ್ತದೆ. ಎರಡನೆಯವನಾಗಿ ಬರುವ ಮನುಷ್ಯ ಬದುಕುತ್ತಾನೆ. ಹೆಚ್ಚಾಗಿ ಬಾಳೆಗಿಡಕ್ಕೆ ಮಾಡುತ್ತಾರೆ. ಹಿತ್ತಲಲ್ಲಿ, ನೆರೆಯವರು ಏಳುವ ಮೊದಲು ಮುಗಿದುಹೋಗುತ್ತದೆ.

ಕೃತಿಕಾಳದ್ದೂ ಹಾಗೇ ಮುಗಿಯಬೇಕಿತ್ತು. ಆದರೆ ಹೋದ ಭಾನುವಾರ ಕುಣಿಗಲ್ಲಿನ ಗಂಡು ರವೀಶನ ಕಡೆಯವರು ಮನೆಗೆ ಬಂದಾಗ ತಾಯಿಯ ಜಾತಕವನ್ನೂ ಕೇಳಿದರು. ವಿಜಯೀಂದ್ರನ ಹೆಂಡತಿ ಶಾರದ ಅಡುಗೆಮನೆಯಲ್ಲಿದ್ದಳು. ಅವಳ ತಮ್ಮ ಈ ಕಿಟ್ಟು. ವಾರವಿಡೀ ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಕೆಲಸ, ರಜೆಯ ದಿನ ಪೌರೋಹಿತ್ಯ. ಕಾಫಿ ಲೋಟ ಹಿಡಿದುಕೊಂಡು ಧಾರಾಳವಾಗಿ ಹೇಳಿದ: “ಅಕ್ಕಂಗೂ ಇತ್ತಲ್ಲ. ಗಂಜಿಮರಕ್ಕೆ ಕೊಟ್ಟು ಆಮೇಲೆ ಭಾವಂಗೆ ಕೊಟ್ಟಿದ್ದು.”

ಎಲ್ಲರೂ ವಿಜಯೀಂದ್ರನ ಮುಖ ನೋಡಿದರು. ಅವನು ಎಲ್ಲರಿಗಿಂತ ಮೊದಲು ನಕ್ಕ. ಗೊತ್ತಿದ್ದವನ ಹಾಗೆ.

ಗೊತ್ತಿರಲಿಲ್ಲ. ಜಾತಕ ತೋರಿಸದೆ ಮದುವೆಯಾದೆ ಎಂದು ಭೌತಶಾಸ್ತ್ರದ ಕ್ಲಾಸುಗಳಲ್ಲಿ ನಿವೃತ್ತನಾಗುವವರೆಗೂ ಹೇಳುತ್ತಾ ಬಂದವನು ಅವನು. ಪ್ರತಿ ವರ್ಷ ಹುಡುಗರು ಚಪ್ಪಾಳೆ ತಟ್ಟಿದ್ದರು. ಅವನು ಮದುವೆಗೆ ಹೊಸ ಶರ್ಟು ಇಸ್ತ್ರಿ ಮಾಡಿಸುತ್ತಿದ್ದ ಹೊತ್ತಿಗೆ ಅತ್ತೆ ಶಾರದೆಯನ್ನು ಇಲ್ಲಿಗೆ ಕರೆತಂದು, ಮರಕ್ಕೆ ಮೂರು ಸುತ್ತು ಹಾಕಿಸಿ, ಸಂಜೆಯೊಳಗೆ ಛತ್ರಕ್ಕೆ ಹಿಂದಿರುಗಿದ್ದರು.

ಗಂಡಿನ ಕಡೆಯ ಜೋಯಿಸರು ಯೋಚನೆ ಮಾಡಿ ತಪ್ಪು ಹಿಡಿದರು. ಕೊಟ್ಟದ್ದು ಸರಿ. ಕಡಿದಿರಾ? ಊರಿಗೆಲ್ಲ ನೆರಳಾದ ಮರವನ್ನು ಯಾರು ಕಡಿದಾರು! ಅತ್ತೆ ಒಂದು ರೆಂಬೆ ಮುರಿಸಿ ಸಮಾಧಾನ ಮಾಡಿಕೊಂಡಿದ್ದರು. ಅದಕ್ಕೇ ದೋಷ ತೀರದೆ ಮಗಳಿಗೆ ಇಳಿದಿದೆ. ಅದೇ ವಂಶದ ಗಿಡಕ್ಕೆ ಕೊಡಬೇಕು. ಈ ಸಲ ಬುಡಕ್ಕೆ ಕಡಿಯಬೇಕು. ಕಡಿಯುವುದರ ವಿಡಿಯೋ ಬೇಕು.

ಪಾರ್ಕು ಕಾಯುವ ಮುದ್ದಯ್ಯ ಪೊರಕೆ ಎಳೆದುಕೊಂಡು ಬಂದ. ಕಿಟ್ಟು ಅವನನ್ನು ಮೊದಲೇ ಒಪ್ಪಿಸಿಟ್ಟಿದ್ದ.

“ಬೇಗ್ ಮುಗುಸ್ಕಳಿ ಸ್ವಾಮಿ, ಬಿಸ್ಲು ಏರ್ತದೆ. ಮರಕ್ಕೆ ಆಗ್ಲೇ ನೀರ್ ಬುಟ್ಟಿವ್ನಿ. ಮಣ್ಣು ಮೆತ್ತಗದೆ.”

“ಯಾವ ಮರಕ್ಕೆ?” ವಿಜಯೀಂದ್ರ ಕೇಳಿದ.

“ಇದ್ಕೇಯ.” ಪೊರಕೆಯಿಂದ ಸಸಿ ತೋರಿಸಿದ.

“ಕಡಿದುಹಾಕಿದ್ರೆ ನಿನ್ನ ಯಾರೂ ಕೇಳಲ್ವೇ?”

“ಬುಡಿ ಸ್ವಾಮಿ. ನರ್ಸರೀಲಿ ಬೇಕಾದಂಗವೆ. ಮೊದ್ಲು ನೆಟ್ಟಿದ್ದುನ್ನ ಮೇಕೆ ತಿಂತು. ಆಮ್ಯಾಕ್ ನೆಟ್ಟಿದ್ದು ಒಣಗೋಯ್ತು. ಇದು ಹೋದ್ ಮಳೇಲಿ ತಂದಿದ್ದು. ಬೋರ್ಡ್ ಮಾತ್ರ ಹಳೇದು.”

ವಿಜಯೀಂದ್ರನ ಎದೆ ಒಂದು ಗಳಿಗೆ ಹಗುರವಾಯಿತು. ಇದು ಅದೇ ವಂಶವಲ್ಲ. ಅವರ ಲೆಕ್ಕದಲ್ಲೇ ಇದು ಸಲ್ಲುವುದಿಲ್ಲ. ನಂಬಿಕೆಯ ಮಾತೇ ಎತ್ತದೆ, ಯಾರ ಮನಸ್ಸನ್ನೂ ನೋಯಿಸದೆ, ಇದೊಂದು ವಾಕ್ಯ ಹೇಳಿ ಎಲ್ಲರನ್ನೂ ಕಾರಿಗೆ ಹತ್ತಿಸಬಹುದು. ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದ. ಚೆನ್ನಾಗಿತ್ತು.

“ಕೈ ತೊಳೆಯೋಕೆ ನೀರೆಲ್ಲಿದೆ?” ಎಂದು ಕೇಳಿದ.

“ಅಗೋ, ಟ್ಯಾಂಕಲ್ಲಿ.”

ಟ್ಯಾಂಕಿನ ಹತ್ತಿರ ಕೃತಿಕಾ ಬಂದಳು. ಹಳದಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು.

“ಅಪ್ಪ.”

“ಹೂಂ.”

“ರವೀಶ್‌ಗೆ ಇದೆಲ್ಲ ಗೊತ್ತಿಲ್ಲ ಅಂತ ಅವರಮ್ಮ ಹೇಳಿದ್ರಲ್ಲ. ಗೊತ್ತು. ನಿನ್ನೆ ಫೋನ್ ಮಾಡಿದ್ದ. ಒಂದ್ ಗಂಟೆ ಅಡ್ಜಸ್ಟ್ ಮಾಡ್ಕೊಂಬಿಡು ಅಂದ. ಪಿಕ್ನಿಕ್ ಅಂದ್ಕೋ ಅಂದ.”

“ಹುಡುಗರು ಹಾಗೇ.”

“ನೀನು ಬೇಡ ಅನ್ನು.”

ನಲ್ಲಿ ತಿರುಗಿಸಿದ. ನೀರು ಬಿಸಿಯಾಗಿತ್ತು.

“ನಾನ್ ಬೇಡ ಅಂದ್ರೆ ಹಠ ಅಂತಾರೆ. ಇಷ್ಟು ವಯಸ್ಸಾದ್ರೂ ಹಠ ಹೋಗಿಲ್ಲ ಅಂತಾಳೆ ಅಮ್ಮ. ನೀನ್ ಅಂದ್ರೆ ಎಲ್ಲ ಬಾಯಿ ಮುಚ್ಕೋತಾರೆ. ಸಂಬಂಧ ಹೋದ್ರೆ ಹೋಗ್ಲಿ, ನಂಗೆ ಬೇಜಾರಿಲ್ಲ. ಒಂದೇ ಒಂದ್ ಸಲ ಬೇಡ ಅನ್ನು. ಕಾರ್ ನಾನೇ ಓಡಿಸ್ತೀನಿ.”

ಅವಳು ಗ್ರಹಣದ ಮಾತು ಎತ್ತುತ್ತಾಳೆ ಎಂದು ಅವನು ಹೆದರಿದ. ಗ್ರಹಣ ಹಿಡಿದ ಹೊತ್ತಿನಲ್ಲಿ ಕಾಲೇಜು ಮೈದಾನದಲ್ಲಿ ಹುಡುಗರ ಜೊತೆ ಕೂತು ಮಂಡಕ್ಕಿ ತಿನ್ನುತ್ತಿದ್ದವನು ಅವನು. ಪಕ್ಕದಲ್ಲಿ ಫ್ರಾಕು ಹಾಕಿಕೊಂಡ ಕೃತಿಕಾ, ಎರಡೂ ಕೆನ್ನೆ ತುಂಬಿಕೊಂಡು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಮಾರನೆಯ ದಿನ ಸ್ಕೂಲಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಆ ಸಂಜೆ ಅವನು ಅವಳಿಗೆ ಧೈರ್ಯದ ಬಗ್ಗೆ ಬಹಳ ಹೊತ್ತು ಹೇಳಿದ್ದ.

ಅವಳು ಆ ಮಾತು ಎತ್ತಲಿಲ್ಲ. ಕಾದಳು.

“ನಿನ್ನ ಇಷ್ಟ ಕಣಮ್ಮ,” ಅಂದ. “ನಿನ್ನ ಸ್ವಾತಂತ್ರ್ಯಕ್ಕೆ ನಾನ್ಯಾವತ್ತೂ ಅಡ್ಡ ಬಂದಿಲ್ಲ. ಈಗಲೂ ಬರಲ್ಲ.”

ಹೇಳಿದ ಮೇಲೆ, ಮಾತು ಘನವಾಗಿಯೇ ಬಂತು ಅನ್ನಿಸಿತು.

“ಥ್ಯಾಂಕ್ಸ್,” ಅಂದು ಕೃತಿಕಾ ಹೋಗಿ ಮಣೆಯ ಮೇಲೆ ಕೂತಳು.

ಶಾರದ ಶೀಟಿನ ಚಪ್ಪರದ ಕೆಳಗಿದ್ದಳು. ಕಾಂಡದ ತುಂಡನ್ನು ಅಡ್ಡಡ್ಡ ಕೊಯ್ದು, ಉಂಗುರಗಳ ಮೇಲೆ ಬಿಳಿ ಬಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಒಂದು ಬಾಣದ ಬುಡದಲ್ಲಿ ‘ಬರಗಾಲ’ ಎಂದಿತ್ತು. ಇನ್ನೊಂದರಲ್ಲಿ ‘ಸ್ವಾತಂತ್ರ್ಯ’. ಅರಳಿಯ ಉಂಗುರ ಹಾಗೆಲ್ಲ ಎಣಿಸುವುದಕ್ಕೆ ಸಿಗುವುದಿಲ್ಲ, ಬಣ್ಣದವನು ತನಗೆ ತೋಚಿದಲ್ಲಿ ಬರೆದಿದ್ದಾನೆ ಎಂದು ಅಲ್ಲಿಗೆ ಬಂದ ವಿಜಯೀಂದ್ರನಿಗೆ ಹೇಳಬೇಕೆನ್ನಿಸಿತು. ಹೇಳುವ ಬದಲು ಅವನ ಕಣ್ಣು ಸ್ವಾತಂತ್ರ್ಯದಿಂದ ತೊಗಟೆಯ ಕಡೆಗೆ ತನ್ನ ಮದುವೆಯ ವರ್ಷದ ಜಾಗ ಹುಡುಕುತ್ತಿತ್ತು.

“ನನಗೆ ಹೇಳಬಹುದಿತ್ತು,” ಅಂದ.

“ಹೇಳಿದ್ರೆ ಏನ್ ಮಾಡ್ತಿದ್ರಿ?”

“ಏನ್ ಮಾಡ್ತಿದ್ದೆ ಅಂದ್ರೆ…”

“ಕ್ಲಾಸಲ್ಲಿ ಹೇಳ್ತಿದ್ರಿ.”

ಅದು ನಿಜವೇ. ಮರ ಕಡಿದ ಸುದ್ದಿ ಬಂದ ದಿನ ನೆನಪಾಯಿತು. ಊರವರು ರಸ್ತೆಗೆ ಅಡ್ಡ ಮಲಗಿದ್ದರು. ಮರಕ್ಕೆ ಅರಿಸಿನ ಬಳಿಯುತ್ತಾ ಕೂರುವ ಬದಲು ಹತ್ತು ಸಸಿ ನೆಡಿ ಎಂದು ಅವನು ಪತ್ರಿಕೆಗೆ ಬರೆದಿದ್ದ. ಅಚ್ಚಾದದ್ದನ್ನು ಶಾರದೆಗೆ ಗಟ್ಟಿಯಾಗಿ ಓದಿ ಹೇಳಿದ್ದ. ಅವಳು ಕೇಳಿಸಿಕೊಂಡು ಎದ್ದುಹೋಗಿ, ತಲೆಸ್ನಾನದ ದಿನವಲ್ಲದಿದ್ದರೂ, ತಲೆಗೆ ತಣ್ಣೀರು ಸುರಿದುಕೊಂಡಿದ್ದಳು. ತಲೆನೋವೇ ಎಂದು ಕೇಳಿದ್ದಕ್ಕೆ ಹೂಂ ಅಂದಿದ್ದಳು.

“ಅವತ್ತು ತಲೆಗೆ ನೀರು ಹಾಕ್ಕೊಂಡಿದ್ದು…”

“ಸಾವಿನ ಮೈಲಿಗೆ ಅಲ್ವಾ.”

“ನೀನು ಇದನ್ನ ನಂಬ್ತೀಯಾ?”

ಶಾರದ ಸೆರಗಿನಿಂದ ವಾರ್ನಿಶ್ ಮೇಲಿನ ಧೂಳು ಒರೆಸಿದಳು.

“ನಂಬೋದು ಗಿಂಬೋದು ಗೊತ್ತಿಲ್ಲ. ಅದು ಮಾತಾಡ್ತಿರ್ಲಿಲ್ಲ. ಅಷ್ಟು ಚೆನ್ನಾಗಿತ್ತು.”

“ಅಕ್ಕಾ, ಭಾವಾ, ಬನ್ನಿ! ರಾಹುಕಾಲ ಬಂದ್ಬಿಡುತ್ತೆ,” ಕಿಟ್ಟು ಕೂಗಿದ.

ಕಾರ್ಯ ಶುರುವಾಯಿತು. ಸಸಿಗೆ ಬಿಳಿ ಪಂಚೆಯ ತುಂಡು ಸುತ್ತಿದರು. ಹಾರ ಹಾಕಿದರೆ ಭಾರಕ್ಕೆ ಬಾಗಿತು. “ನಾಚ್ಕೋತಾ ಇದಾನೆ,” ಅಂದ ಕಿಟ್ಟು, ಮಂತ್ರದ ನಡುವೆಯೇ. ಅರಿಸಿನದ ಕೊಂಬು ಕಟ್ಟಿದ ದಾರವನ್ನು ಸಸಿಗೆ ಮುಟ್ಟಿಸಿ, ಅದರ ಪರವಾಗಿ ತಾನೇ ಕೃತಿಕಾಳ ಕೊರಳಿಗೆ ಕಟ್ಟಿದ. ಕೃತಿಕಾ ಬೇಲಿಗೆ ಸುತ್ತು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದುಕೊಂಡ ಪೇಶೆಂಟಿನ ಎದುರು ನಿಂತಾಗಲೂ ಇದೇ ಮುಖ ಇರಬಹುದು.

“ಕಡಿಯೋದು ಯಾರು?” ವಿಜಯೀಂದ್ರ ಕೇಳಿದ.

“ಕೊಟ್ಟವನೇ. ನೀವೇ.”

“ಶಾಸ್ತ್ರದಲ್ಲಿದೆಯೇನಯ್ಯ?”

“ಶಾಸ್ತ್ರದಲ್ಲಿ ಎಲ್ಲಾ ಇದೆ ಭಾವ. ನಂಗೆ ಗೊತ್ತಿಲ್ಲ ಅಷ್ಟೆ.”

ಶಾರದ ಮೊಬೈಲು ಎತ್ತಿ ಹಿಡಿದಳು. ವಿಜಯೀಂದ್ರ ಬೇಲಿಯ ತಂತಿ ಬಿಚ್ಚಿ ಒಳಗೆ ಹೋದ. ಮಚ್ಚಿನ ಹಿಡಿಕೆ ತೆಂಗಿನ ನೀರಿಗೆ ಅಂಟಂಟಾಗಿತ್ತು. ಕೈ ನಡುಗೀತು ಎಂದುಕೊಂಡಿದ್ದ. ನಡುಗಲಿಲ್ಲ. ಇಷ್ಟು ವರ್ಷ ತನಗೆ ಗೊತ್ತಾಗದ ಹಾಗೆ ಶಾರದೆಗೆ ಇವನೊಬ್ಬ ಇದ್ದ, ರಸ್ತೆ ಬದಿಯಲ್ಲಿ, ಎಲ್ಲರ ಕಣ್ಣೆದುರಿಗೆ, ತನಗಿಂತ ದೊಡ್ಡವನಾಗಿ. ಬೀಸಿದ. ಮೊದಲ ಏಟು ಜಾರಿತು. ಎರಡನೆಯದಕ್ಕೆ ಸಸಿ ಉರುಳಿತು. ಆಮೇಲೂ ಬೀಸುತ್ತಲೇ ಇದ್ದ.

“ಸಾಕು ಭಾವ,” ಕಿಟ್ಟು ತೋಳು ಹಿಡಿದ. “ಸತ್ತ.”

ಮಣ್ಣಿನ ಮೇಲೆ ಗೇಣುದ್ದ ಮೋಟು ಉಳಿದಿತ್ತು. ಅದರ ತುದಿಯಲ್ಲಿ ಬಿಳಿ ಹಾಲು ಒಸರುತ್ತಿತ್ತು.

ಕಿಟ್ಟು ಕೃತಿಕಾಳ ಕೊರಳಿನ ದಾರ ಬಿಚ್ಚಿದ.

“ಬಳೆ ಒಡೀಬೇಕಾ ಮಾಮ?”

“ಬೇಡ ಪುಟ್ಟಿ, ಪ್ಲಾಸ್ಟಿಕ್ಕು. ತೆಗೆದಿಡು ಸಾಕು.”

ಮುದ್ದಯ್ಯ ಬಕೆಟು ತಂದುಕೊಟ್ಟ. ಶಾರದ ಮಗಳ ತಲೆಯ ಮೇಲೆ ಸುರಿದಳು. ಹಳದಿ ಸೀರೆ ಮೈಗೆ ಅಂಟಿಕೊಂಡಿತು. ಮುದ್ದಯ್ಯ ಆ ಕಡೆ ತಿರುಗಿ ಕಾಂಪೌಂಡಿನಾಚೆ ನೋಡುತ್ತಾ ನಿಂತ. ಕೃತಿಕಾ ಬಿಸಿಲಿನ ಬೆಂಚಿನಲ್ಲಿ ಕೂತು ಕೂದಲು ಹಿಂಡಿದಳು. ಎಲ್ಲರಿಗೂ ಹಸಿವಾಗಿತ್ತು. ದಾರಿಯಲ್ಲಿ ಎಲ್ಲಿ ಇಡ್ಲಿ ಚೆನ್ನಾಗಿರುತ್ತದೆ ಎಂಬ ಮಾತು ಬಂತು.

ವಿಡಿಯೋ ಕಳಿಸುವುದಕ್ಕೆ ಹೋದಾಗ ಗೊತ್ತಾಯಿತು. ಅದರಲ್ಲಿ ವಿಜಯೀಂದ್ರ ಬೇಲಿಯೊಳಗೆ ಹೋಗುತ್ತಾನೆ, ಮಚ್ಚು ಎತ್ತುತ್ತಾನೆ. ಅಷ್ಟೆ.

“ಆಗ ಫೋನ್ ಬಂತು. ಕಟ್ ಮಾಡ್ದೆ. ವಿಡಿಯೋನೂ ನಿಂತೋಗಿರಬೇಕು,” ಅಂದಳು ಶಾರದ.

“ಯಾರ ಫೋನು?”

ಗಂಡಿನ ತಾಯಿಯದು. ಮುಗಿಯಿತೇ ಎಂದು ಕೇಳುವುದಕ್ಕೆ ಮಾಡಿದ್ದರು.

ಶಾರದ ಅವರಿಗೆ ತಿರುಗಿ ಫೋನು ಹಚ್ಚಿ ಸ್ಪೀಕರು ಹಾಕಿದಳು. ಆಚೆಯ ದನಿ ಸಕ್ಕರೆ ಬೆರೆಸಿದ ಹಾಗಿತ್ತು.

“ಅಯ್ಯೋ, ನಂಗೇನೂ ಇಲ್ಲ ಶಾರದಮ್ಮ, ನಿಮ್ಮ ಮಾತೇ ಸಾಕು. ನಮ್ಮ ಮಾವನೋರು ನೋಡಿ, ಕಣ್ಣಲ್ಲಿ ಕಂಡ ಹೊರತು ಒಪ್ಪೋರಲ್ಲ. ಅವತ್ತೂ ರೆಂಬೆ ಮುರಿದು ಕಡಿದ್ವಿ ಅಂದ್ರಂತಲ್ಲ ಅಂತಾರೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪಾಪ, ನಿಮ್ಮ ಹುಡುಗಿ ತಲೆಗೇ ಬರುತ್ತೆ. ಇನ್ನೊಂದ್ಸಲ ತೆಗೆದು ಕಳಿಸ್ಬಿಡಿ. ಊಟ ಆಯ್ತಾ?”

“ಇನ್ನೂ ಇಲ್ಲ,” ಅಂದಳು ಶಾರದ.

ಫೋನು ಇಟ್ಟ ಮೇಲೆ ಕೃತಿಕಾ ಅಪ್ಪನನ್ನು ನೋಡಿದಳು. ಈಗ ಹೇಳುವುದು ಸುಲಭವಾಗಿತ್ತು. ಅವಮಾನ ಮಾಡಿದವರು ಅವರು. ಸಿಟ್ಟಿನ ಆಸರೆ ಸಿಗುತ್ತಿತ್ತು. ವಿಜಯೀಂದ್ರ ಗಂಟಲು ಸರಿಮಾಡಿಕೊಂಡ.

“ನರ್ಸರಿ ಹತ್ತಿರದಲ್ಲೇ ಇದೆಯೇನೋ,” ಅಂದ.

ಕೃತಿಕಾ ನಕ್ಕಳು. ಬೆಳಗಿನಿಂದ ಮೊದಲ ಸಲ.

“ಅಷ್ಟ್ ಹೊತ್ತಿಲ್ಲ ಭಾವ. ರಾಹುಕಾಲ. ಇದನ್ನೇ ನಿಲ್ಸೋಣ. ಯಾರಾದ್ರೂ ಬುಡ ಹಿಡ್ಕೊಂಡ್ರೆ ಆಯ್ತು. ಈ ಸಲ ನಾನ್ ಕಡೀತೀನಿ. ಕೈ ಅಷ್ಟೇ ಬರುತ್ತೆ, ಯಾರ ಕೈ ಅಂತ ಯಾರಿಗ್ ಗೊತ್ತು?”

“ಸೀರೆ ಒದ್ದೆ ಇದೆಯಲ್ಲೋ,” ಅಂದಳು ಶಾರದ.

“ಮಳೆ ಹನೀತು ಅನ್ನು.”

ಬುಡ ಹಿಡಿದುಕೊಳ್ಳುವುದಕ್ಕೆ ಮುದ್ದಯ್ಯನನ್ನು ಕರೆದರು. “ನಾನ್ ಮಾತ್ರ ಒಲ್ಲೆ ಸ್ವಾಮಿ, ಯಾರ್ದೋ ಸಾವು ನಂಗ್ಯಾಕೆ,” ಎಂದು ಗೇಟಿನ ಹತ್ತಿರ ಹೋಗಿ ನಿಂತುಬಿಟ್ಟ. ಕೃತಿಕಾ ಮದುವೆಯ ಹುಡುಗಿ. ಶಾರದೆಯ ಕೈಯಲ್ಲಿ ಮೊಬೈಲು. ಉಳಿದವನು ವಿಜಯೀಂದ್ರ.

ಅವನು ಬೇಲಿಯೊಳಗೆ ಮಂಡಿಯೂರಿ ಕೂತ.

“ತಲೆ ಕಾಣುತ್ತೆ ರೀ,” ಅಂದಳು ಶಾರದ. ಇನ್ನೂ ಬಗ್ಗಿದ. “ಇನ್ನೂ ಕಾಣುತ್ತೆ.” ಮಲಗಿದ. ಪಾತಿಯ ಇಟ್ಟಿಗೆಗಳ ಹಿಂದೆ, ಒದ್ದೆ ನೆಲಕ್ಕೆ ಕೆನ್ನೆ ಹಚ್ಚಿ. ಒಂದು ಕೈ ಮಾತ್ರ ಚಾಚಿದ. ಕಿಟ್ಟು ಮೋಟಿನ ಪಕ್ಕದಲ್ಲಿ ಮಣ್ಣು ಕೆದಕಿ, ಸಸಿಯ ಬುಡವನ್ನು ಅವನ ಮುಷ್ಟಿಯೊಳಗೆ ಇಟ್ಟು, ಮುಷ್ಟಿಯನ್ನು ಹಳ್ಳದಲ್ಲಿಟ್ಟು ಮೇಲೆ ಮಣ್ಣೆಳೆದ. ಹಾಲು ಬೆರಳುಗಳ ಸಂದಿಗೆ ಇಳಿದು ಅಂಟಿತು. ಹಾರ ಮತ್ತೆ ಹಾಕಿದರು. ದಾರ ಮತ್ತೆ ಕಟ್ಟಿದರು. ಅವನಿಗೆ ಕಾಣುತ್ತಿದ್ದದ್ದು ಮಗಳ ಬರಿಗಾಲು ಮಾತ್ರ; ಬೇಲಿಯಾಚೆ ಒಂದು ಸುತ್ತು ಬಂದು ಎದುರಿಗೆ ನಿಂತವು.

“ಬೆರಳಿಗೆ ತಾಗದ ಹಾಗೆ ಹೊಡೀತೀನಿ ಭಾವ,” ಅಂದ ಕಿಟ್ಟು. “ಅಲ್ಲಾಡಬೇಡಿ. ಅಕ್ಕ, ಆನ್ ಮಾಡು.”

ಮಚ್ಚಿನ ನೆರಳು ಮಣ್ಣಿನ ಮೇಲೆ ಬಿತ್ತು. ಕಿಟ್ಟು ತೂಕ ನೋಡುವವನ ಹಾಗೆ ಅದನ್ನು ಎರಡು ಸಲ ಮೇಲೆ ಕೆಳಗೆ ಆಡಿಸಿದ.

“ಬೇಡ!” ವಿಜಯೀಂದ್ರ ಕೂಗಿದ. “ಬೇಡ, ಬೇಡ, ನಿಲ್ಸು!”

ಮಚ್ಚು ನಿಂತಿತು. ಗೇಟಿನ ಹತ್ತಿರ ಮುದ್ದಯ್ಯ ತಿರುಗಿ ನೋಡಿದ. ಇಷ್ಟು ಗಟ್ಟಿಯಾಗಿ, ಇಷ್ಟು ಸ್ಪಷ್ಟವಾಗಿ ಅವನು ಎಂದೂ ಬೇಡ ಅಂದಿರಲಿಲ್ಲ. ಅಂದದ್ದು ಯಾತಕ್ಕೆಂದು ಅವನಿಗೆ ಗೊತ್ತಿತ್ತು. ಮಣ್ಣಿನೊಳಗೆ ಅವನ ಹೆಬ್ಬೆರಳು ಉಳಿದ ಬೆರಳುಗಳ ಅಡಿಗೆ ಸೇರಿಕೊಂಡಿತ್ತು. ಎದುರಿಗಿದ್ದ ಪಾದಗಳಿಗೂ ಗೊತ್ತಾಗಿರಬೇಕು.

“ಧ್ವನಿ ಬಂದ್ಬಿಡ್ತು,” ಅಂದಳು ಶಾರದ. “ಡಿಲೀಟ್ ಮಾಡ್ತೀನಿ. ಇನ್ನೊಂದ್ಸಲ.”

“ಸಸಿ ಸೊಟ್ಟಗಾಯ್ತು. ಭಾವ ಕೈ ಸಡಿಲ ಬಿಟ್ರು.”

“ನಾನ್ ಸರಿ ಮಾಡ್ತೀನಿ ಮಾಮ,” ಅಂದಳು ಕೃತಿಕಾ.

ಪಾದಗಳು ಬೇಲಿಯೊಳಗೆ ಬಂದವು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕಾಂಡವನ್ನು ನೆಟ್ಟಗೆ ಹಿಡಿದು, ಹಿಮ್ಮಡಿಯಿಂದ ಅವನ ಕೈಯ ಸುತ್ತಲಿನ ಮಣ್ಣು ತುಳಿಯತೊಡಗಿದಳು. ಸಸಿ ನೆಟ್ಟವರು ತುಳಿಯುವ ಹಾಗೆ. ಒಂದು ಬದಿ, ಇನ್ನೊಂದು ಬದಿ, ಆಮೇಲೆ ಮಣಿಕಟ್ಟಿನ ಮೇಲೆ. ಅವಸರ ಮಾಡಲಿಲ್ಲ. ಮಣ್ಣು ಬಿಗಿಯಿತು. ಕೈ ಎಳೆದುಕೊಳ್ಳಲು ನೋಡಿದ. ಬರಲಿಲ್ಲ, ಅಥವಾ ಅವನು ಸರಿಯಾಗಿ ಎಳೆಯಲಿಲ್ಲ.

“ಈಗ ಗಟ್ಟಿಯಾಗಿದೆ,” ಅಂದು ಅವಳು ಹೊರಗೆ ಹೋದಳು.

“ಎಲೆ ಅಲ್ಲಾಡ್ತಾ ಇದೆಯಲ್ಲೋ ಕಿಟ್ಟು.”

“ಅಲ್ಲಾಡ್ಲಿ ಬಿಡಕ್ಕ. ಜೀವ ಇದೆ ಅನ್ಕೋತಾರೆ.”

ಪಾರ್ಕಿನಲ್ಲಿ ಎಲ್ಲಿಯೂ ಗಾಳಿ ಇರಲಿಲ್ಲ. ಅವನ ಕಿವಿಯ ಮೇಲೆ ಅರಳಿಯ ಎಲೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.